ಕಾಲೇಜಿನ ಮೆಟ್ಟಿಲು

ಸಂಶೋಧನ ಪತ್ರಿಕೆಗೆ ಬರೆಯುವಾಗ ‘ನಾನು’ ಎಂಬ ಸರ್ವನಾಮವನ್ನು ಬಳಸಲು ನಮ್ಮ ಪೀಳಿಗೆಯ ಅಧ್ಯಾಪಕರಿಗೆ ಹಿಂಜರಿಕೆಯಿದೆ. ‘ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ’ ಎಂದೋ ‘ಎನ್ನಬಹುದಾಗಿದೆ’ ಎಂದೋ ಬರೆದು ನಮ್ಮನ್ನು ನಾವು ಮರೆಮಾಡಿಕೊಳ್ಳುವುದು ರೂಢಿ. ಈ ಬರಹದಲ್ಲಿ ಆ ಅನುಕೂಲವನ್ನು ಬಿಟ್ಟುಕೊಡಬೇಕಾಗಿದೆ. ಇಲ್ಲಿ ಚರ್ಚೆಗೆ ಬರುವ ಸಂಗತಿಗಳ ಒಂದು ತುದಿಯಲ್ಲಿ ನನ್ನ ಎಡಗಾಲಿದೆ. ಅದನ್ನು ಪ್ರಥಮ ಪುರುಷದಲ್ಲಿ ನಿರೂಪಿಸುವುದು ನನಗೆ ಸಾಧ್ಯವಾಗಿಲ್ಲ.

ಕನ್ನಡದಲ್ಲಿ ಓದಿದವರನ್ನೂ ಓದದವರನ್ನೂ ಬೇರ್ಪಡಿಸುವ ನುಡಿಗಟ್ಟೇ ಮೆಟ್ಟಿಲಿನದು. ‘ಶಾಲೆಯ ಮೆಟ್ಟಿಲು ಹತ್ತದವರು’ ಎನ್ನುತ್ತೇವೆ. ‘ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ’ ಎಂದು ಹೆಮ್ಮೆಪಡುತ್ತೇವೆ. ನ್ಯಾಯ ಬೇಕಾದವರು ನ್ಯಾಯಾಲಯದ ಮೆಟ್ಟಿಲೇರುತ್ತಾರೆ, ದೇವರು ಬೇಕಾದವರು ಗುಡಿಯ ಮೆಟ್ಟಿಲೇರುತ್ತಾರೆ. ವಿದ್ಯೆ, ನ್ಯಾಯ, ದೇವರು ಮೂರೂ ಎತ್ತರದಲ್ಲಿವೆ, ಅಲ್ಲಿಗೆ ಕಾಲೆತ್ತಿಟ್ಟೇ ಹೋಗಬೇಕು ಎಂಬ ಗ್ರಹಿಕೆ ಭಾಷೆಯಲ್ಲಿ ಹೀಗೆ ಹುದುಗಿ ಕುಳಿತಿದೆ. ಮೂರನೆಯ ವರ್ಷದಲ್ಲಿ ಪೋಲಿಯೊಗೆ ಕಾಲು ಕೊಟ್ಟ ನನ್ನನ್ನು ನನ್ನ ತಾಯಿ ಸೊಂಟದ ಮೇಲೆ ಕೂರಿಸಿಕೊಂಡು ಪ್ರಾಥಮಿಕ ಶಾಲೆಗೆ ಒಯ್ಯುತ್ತಿದ್ದಳು. ನಿಜಾರ್ಥದಲ್ಲಿ ಹೇಳುವುದಾದರೆ ನಮ್ಮ ಮನೆಯಲ್ಲಿ ಶಾಲೆಯ ಮೆಟ್ಟಿಲು ಮೊದಲು ಹತ್ತಿದವಳು ಅಕ್ಷರ ಬಾರದ ಆ ತಾಯಿ.

ನಾನು ಪಾಠ ಹೇಳಿದ ಕಾಲೇಜು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿದೆ. ಕಲ್ಲಿನ ಕಟ್ಟಡ, ಎತ್ತರದ ಜಗಲಿ. ಅಂಗಳದಿಂದ ಜಗಲಿಗೆ ಆರು ಮೆಟ್ಟಿಲು, ಜಗಲಿಯಿಂದ ಮಹಡಿಗೆ ಇಪ್ಪತ್ತೆರಡು. ಕನ್ನಡ ವಿಭಾಗ ಮಹಡಿಯ ಮೇಲೆ, ಪಶ್ಚಿಮದ ತುದಿಯಲ್ಲಿ. ಎಡಗಾಲಿಗೆ ಕ್ಯಾಲಿಪರ್, ಬಲಗೈಗೆ ಊರುಗೋಲು, ಹೆಗಲಿಗೆ ಪುಸ್ತಕದ ಚೀಲ. ಈ ಮೂರರೊಂದಿಗೆ ಇಪ್ಪತ್ತೆಂಟು ಮೆಟ್ಟಿಲುಗಳನ್ನು ಇಪ್ಪತ್ತಮೂರು ವರ್ಷ ಹತ್ತಿ ಇಳಿದಿದ್ದೇನೆ. ಹದಿಮೂರನೆಯ ಮೆಟ್ಟಿಲಿನ ಅಂಚು ಸವೆದಿರುವುದೂ ಹತ್ತೊಂಬತ್ತನೆಯದು ಉಳಿದವಕ್ಕಿಂತ ಒಂದು ಬೆರಳು ಎತ್ತರವಿರುವುದೂ ಆ ಕಟ್ಟಡದಲ್ಲಿ ನನಗೊಬ್ಬನಿಗೇ ಗೊತ್ತಿತ್ತೆಂದು ತೋರುತ್ತದೆ. ಈ ಜ್ಞಾನದ ಬಗ್ಗೆ ನನಗೆ ಒಂದು ಬಗೆಯ ಹೆಮ್ಮೆಯಿತ್ತು. ಆ ಹೆಮ್ಮೆ ಏನು ಮಾಡಿತು ಎಂಬುದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

2022ರ ನವೆಂಬರಿನಲ್ಲಿ ನಮ್ಮ ಕಾಲೇಜಿಗೆ ‘ತಡೆರಹಿತ ಪರಿಸರ’ ನಿರ್ಮಾಣದ ಅನುದಾನ ಬಂತು. ಜಗಲಿಗೆ ಒಂದು ರ‍್ಯಾಂಪ್, ಮಹಡಿಗೆ ಒಂದು ಲಿಫ್ಟ್, ಕೆಳಗಿನ ಅಂತಸ್ತಿನಲ್ಲಿ ಒಂದು ಶೌಚಾಲಯ, ಗೇಟಿನಿಂದ ಕಚೇರಿಯವರೆಗೆ ದೃಷ್ಟಿಹೀನರಿಗಾಗಿ ಹಳದಿ ಹಾಸುಬಿಲ್ಲೆಗಳ ದಾರಿ. ಆರು ತಿಂಗಳಲ್ಲಿ ಮುಗಿಯತಕ್ಕದ್ದು ಎಂದು ಕಾರ್ಯಾದೇಶದಲ್ಲಿತ್ತು. ಮುಗಿದದ್ದು ಹದಿನಾಲ್ಕು ತಿಂಗಳಿಗೆ. ಈ ಹದಿನಾಲ್ಕು ತಿಂಗಳ ವಿಚಿತ್ರವೆಂದರೆ, ಯಾರಿಗಾಗಿ ಕೆಲಸ ನಡೆಯುತ್ತಿತ್ತೋ ಅವರಿಗೆ ಮಾತ್ರ ಕಾಲೇಜು ಅಷ್ಟೂ ಕಾಲ ಮುಚ್ಚಿದಂತಿತ್ತು. ಹಳೆಯ ಕಟ್ಟಡದ ಮಗ್ಗುಲಲ್ಲಿ ಬೆಂಚು ಸಾಗಿಸಲೆಂದು ಜವಾನರು ಎಂದೋ ಮಾಡಿಕೊಂಡಿದ್ದ ಮಣ್ಣಿನ ಏರೊಂದಿತ್ತು. ನನಗೂ ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಗೂ ಅದೇ ರಾಜಮಾರ್ಗ. ರ‍್ಯಾಂಪಿನ ಪಾಯ ತೆಗೆಯಲು ಮೊದಲ ದಿನವೇ ಅದನ್ನು ಅಗೆದರು. ಅಗೆದ ಗುಂಡಿಯ ಮೇಲೆ ಸೆಂಟ್ರಿಂಗ್ ಹಲಗೆಯೊಂದನ್ನು ಹಾಕಲಾಯಿತು. ಎರಡು ಕಾಲು ನೆಟ್ಟಗಿರುವವರು ಅದರ ಮೇಲೆ ಓಡಿಹೋದರು.

ನಿರ್ಮಾಣ ನಡೆಯುವ ಜಾಗದಲ್ಲಿ ಊರುಗೋಲು ಹಿಡಿದು ನಡೆಯುವುದು ಹೇಗೆಂಬುದನ್ನು ಬಲ್ಲವರೇ ಬಲ್ಲರು. ಎಂ-ಸ್ಯಾಂಡಿನಲ್ಲಿ ಕೋಲಿನ ರಬ್ಬರ್ ಬುಡ ಹೂತುಹೋಗುತ್ತದೆ, ಜಲ್ಲಿಯ ಮೇಲೆ ಉರುಳುತ್ತದೆ. ಇವೆರಡಕ್ಕಿಂತ ಅಪಾಯದ್ದು ಕ್ಯೂರಿಂಗಿಗೆ ನೀರು ನಿಲ್ಲಿಸಿದ ಹೊಸ ಗಾರೆ. ನೋಡಲು ನೆಲದಂತೆಯೇ ಇರುತ್ತದೆ, ಕೋಲಿಟ್ಟರೆ ಜಾರುತ್ತದೆ. ಒದ್ದೆ ಗೋಣಿಚೀಲ ಹೊದಿಸಿದ್ದರೆ ಭಯವಿಲ್ಲ ಎಂಬುದನ್ನು ಎರಡು ಸಲ ಬಿದ್ದ ಮೇಲೆ ಕಲಿತೆ. ಎರಡನೆಯ ಸಲ ಬಿದ್ದಾಗ ಪ್ರಾಂಶುಪಾಲರು ತಮ್ಮ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟು, ಕೆಲಸ ಮುಗಿಯುವವರೆಗೆ ರಜೆಯ ಮೇಲೆ ಹೋಗಬಹುದಲ್ಲ ಎಂದು ಅತ್ಯಂತ ವಿಶ್ವಾಸದಿಂದ ಸೂಚಿಸಿದರು. ಅವರು ಒಳ್ಳೆಯವರು. ಅಂಗವಿಕಲರಿಗೆ ಅನುಕೂಲ ಮಾಡಿಕೊಡಲು ಅಂಗವಿಕಲರು ಸ್ವಲ್ಪ ಕಾಲ ದೂರವಿದ್ದರೆ ಒಳಿತು ಎಂಬ ತರ್ಕದ ವಿಡಂಬನೆ ಅವರಿಗೆ ಹೊಳೆಯಲಿಲ್ಲ, ಅಷ್ಟೆ.

ನನಗಿಂತ ಹೆಚ್ಚು ಕಷ್ಟಕ್ಕೆ ಸಿಕ್ಕವನು ನಮ್ಮ ಐಚ್ಛಿಕ ಕನ್ನಡದ ದೃಷ್ಟಿಹೀನ ವಿದ್ಯಾರ್ಥಿ. ಅವನ ಬಳಿ ಕಾಲೇಜಿನ ಒಂದು ನಕ್ಷೆಯಿತ್ತು. ಗಂಟೆಯ ಪಕ್ಕದ ಕಂಬ, ಕ್ಯಾಂಟೀನಿನ ಒಗ್ಗರಣೆಯ ವಾಸನೆ, ಬೇವಿನ ಮರದಡಿಯ ತಂಪು, ವರಾಂಡದಲ್ಲಿ ತನ್ನ ಕೋಲಿನ ಸದ್ದಿಗೆ ಬರುವ ಮಾರ್ದನಿ, ಇವುಗಳಿಂದ ಕಟ್ಟಿಕೊಂಡ ನಕ್ಷೆ. ಕಾಂಕ್ರೀಟ್ ಮಿಕ್ಸರ್ ತಿರುಗಲು ಶುರುವಾದೊಡನೆ ಶಬ್ದದ ಗುರುತುಗಳೆಲ್ಲ ಅಳಿಸಿಹೋದವು. ಇಂದು ಇಲ್ಲಿದ್ದ ಮರಳಿನ ರಾಶಿ ನಾಳೆ ಅಲ್ಲಿರುತ್ತಿತ್ತು. ಅವನು ದಿನವೂ ಅರ್ಧ ಗಂಟೆ ಮುಂಚೆ ಬಂದು ಕೆಲಸಗಾರರೊಂದಿಗೆ ಒಂದು ಸುತ್ತು ಹೊಡೆದು ಅಂದಿನ ನಕ್ಷೆಯನ್ನು ಕಲಿಯತೊಡಗಿದ. ಅವರು ರಾಯಚೂರು ಕಡೆಯಿಂದ ಗುಳೆ ಬಂದ ಜನ. ಅವರಲ್ಲೊಬ್ಬ ಹೆಂಗಸು ತಲೆಯ ಮೇಲೆ ಗಾರೆಯ ಬುಟ್ಟಿ ಹೊತ್ತುಕೊಂಡೇ, “ತಮ್ಮಾ, ಎಡಕ್ಕ ಖಡಿ ಹಾಕೇವಿ, ಬಲಕ್ಕ ಬಾ” ಎಂದು ಕೂಗಿ ಹೇಳುತ್ತಿದ್ದಳು. ಹದಿನಾಲ್ಕು ತಿಂಗಳಲ್ಲಿ ಆ ಆವರಣದಲ್ಲಿ ಕೆಲಸ ಮಾಡಿದ ಏಕೈಕ ಮಾರ್ಗಸೂಚಿ ಅದು.

ಹಳದಿ ಬಿಲ್ಲೆಗಳ ಪ್ರಸಂಗವನ್ನು ಇಲ್ಲಿ ಹೇಳಬೇಕು. ಆ ಬಿಲ್ಲೆಗಳಲ್ಲಿ ಎರಡು ಬಗೆ. ಉದ್ದ ಗೆರೆಗಳು ಉಬ್ಬಿರುವುದು ‘ಮುಂದೆ ನಡೆ’ ಎಂದು, ಗುಂಡುಗಳು ಉಬ್ಬಿರುವುದು ‘ಎಚ್ಚರ, ನಿಲ್ಲು’ ಎಂದು. ತಿರುವಿನಲ್ಲಿ, ಮೆಟ್ಟಿಲಿನ ಮುಂದೆ, ಬಾಗಿಲ ಬಳಿ ಗುಂಡಿನವು, ಉಳಿದೆಡೆ ಗೆರೆಯವು. ಜಪಾನಿನ ಒಕಯಾಮಾದಲ್ಲಿ 1967ರಲ್ಲಿ ಮೊದಲು ಬಳಕೆಗೆ ಬಂದ ಈ ಪದ್ಧತಿ ಇಂದು ನಮ್ಮ ರೈಲುನಿಲ್ದಾಣಗಳಲ್ಲೂ ಇದೆ. ನಮ್ಮಲ್ಲಿ ಹಾಸಿದವರು ಚೆಂದ ಕಾಣಲೆಂದು ಒಂದು ಗೆರೆಯದು, ಒಂದು ಗುಂಡಿನದು ಎಂದು ಚೌಕಾಬಾರದ ಮನೆಗಳಂತೆ ಜೋಡಿಸಿದರು. ದಾರಿ ಕೊನೆಗೆ ಕಚೇರಿಗೆ ಹೋಗದೆ ಧ್ವಜಸ್ತಂಭದ ಕಟ್ಟೆಗೆ ಹೋಗಿ ಮುಟ್ಟಿತು. ನಮ್ಮ ವಿದ್ಯಾರ್ಥಿ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು ನೋಡಿ ನಗತೊಡಗಿದ. “ಸರ್, ಇದು ನಡಿ, ನಿಲ್ಲು, ನಡಿ, ನಿಲ್ಲು ಅಂತ ಹೇಳ್ತಿದೆ. ಡ್ರಿಲ್ ಮಾಡಿಸೋ ಹಾಗಿದೆ.”

ಗ್ರಂಥಸಂಪಾದನೆಯ ಪತ್ರಿಕೆಯನ್ನು ಹತ್ತಾರು ವರ್ಷ ಪಾಠ ಮಾಡಿದ ನನಗೆ ಲಿಪಿಕಾರನ ಸ್ಖಾಲಿತ್ಯ ಎಂದರೇನೆಂಬುದು ಅಂದು ಕಾಲಬುಡದಲ್ಲೇ ಗೋಚರಿಸಿತು. ತಾನು ಪ್ರತಿ ಮಾಡುತ್ತಿರುವುದು ಒಂದು ಪಠ್ಯವೆಂಬುದೇ ತಿಳಿಯದ ಲಿಪಿಕಾರ ಅಕ್ಷರಗಳನ್ನು ಚಿತ್ತಾರವೆಂದು ಭಾವಿಸಿದರೆ ಆಗುವುದು ಇದೇ. ಗೌಂಡಿಯನ್ನು ಕರೆದು ವಿವರಿಸಿದೆ. ಅವನು ಪೆಚ್ಚಾಗಿ, “ಇದು ಓದೂ ಫರಸಿ ಅಂತ ನಮಗ ಯಾರ್ ಹೇಳ್ಯಾರ್ರೀ ಮಾಸ್ತರ?” ಎಂದ. ನ್ಯಾಯವಾದ ಪ್ರಶ್ನೆ. ಅಂದಾಜುಪಟ್ಟಿಯಲ್ಲಿ ‘ಹಳದಿ ಬಿಲ್ಲೆ, ಇಷ್ಟು ಚದರ ಮೀಟರ್’ ಎಂದಷ್ಟೇ ಇತ್ತು. ಮರುದಿನ ಅವನು ಕಣ್ಣುಮುಚ್ಚಿಕೊಂಡು ಬರಿಗಾಲಿನಲ್ಲಿ ಅದರ ಮೇಲೆ ನಡೆಯುತ್ತಿದ್ದುದನ್ನು ಮಹಡಿಯಿಂದ ನೋಡಿದೆ. ಬಿಲ್ಲೆಗಳನ್ನು ಕಿತ್ತು ಮತ್ತೆ ಹಾಸಲು ಮೂರು ದಿನ ಹಿಡಿಯಿತು. ಆ ಮೂರು ದಿನದ ಕೂಲಿಯನ್ನು ಗುತ್ತಿಗೆದಾರರು ಕೊಡಲಿಲ್ಲವೆಂದು ಆಮೇಲೆ ತಿಳಿಯಿತು.

ರ‍್ಯಾಂಪಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಏರು ಹನ್ನೆರಡಕ್ಕೆ ಒಂದರಂತೆ ಇರಬೇಕೆಂಬುದು ಒಪ್ಪಿತವಾದ ಪ್ರಮಾಣ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ನಮ್ಮ ಜಗಲಿ ಮೂರಡಿ, ಅಂದರೆ ಮೂವತ್ತಾರಡಿಯ ಓಟ ಬೇಕು, ನಡುವೆ ಗಾಲಿಕುರ್ಚಿ ತಿರುಗಿ ನಿಲ್ಲಲು ಸಮತಟ್ಟು ಬೇಕು. ಮೊದಲ ನಕ್ಷೆಯಲ್ಲಿದ್ದುದು ಹದಿನಾಲ್ಕು ಅಡಿ. ಅಂಥ ಏರಿನಲ್ಲಿ ತುಂಬಿದ ಕೈಗಾಡಿಯನ್ನು ತಳ್ಳಲು ಇಬ್ಬರು ಬೇಕಾಗುತ್ತಾರೆ. ಗಾಲಿಕುರ್ಚಿಯಲ್ಲಿ ಕುಳಿತವರು ತಾವೇ ಕೈಯಿಂದ ಚಕ್ರ ತಿರುಗಿಸಿ ಹತ್ತುವುದಂತೂ ಆಗದ ಮಾತು. ನಾನು ಕಟ್ಟಡ ಸಮಿತಿಯ ಸದಸ್ಯನಾಗಿದ್ದೆ, ಏಕೆ ಎಂಬುದನ್ನು ಹೇಳಬೇಕಾಗಿಲ್ಲ. ಸಭೆಯಲ್ಲಿ ಈ ಲೆಕ್ಕವನ್ನು ಮಂಡಿಸಿದಾಗ ಬಂದ ಮೊದಲ ಪ್ರತಿಕ್ರಿಯೆ, ‘ಮೌಲ್ಯಮಾಪನದವರು ಫೋಟೋ ಕೇಳುತ್ತಾರೆ, ಅಳತೆ ಕೇಳುವುದಿಲ್ಲ’ ಎಂಬುದು. ನ್ಯಾಕ್ ಸಂಸ್ಥೆಯ ಮೌಲ್ಯಾಂಕನದ ಏಳನೆಯ ಮಾನದಂಡದಲ್ಲಿ ಅಂಗವಿಕಲಸ್ನೇಹಿ ಸೌಲಭ್ಯಗಳ ಪ್ರಶ್ನೆಯಿದ್ದು ಅದಕ್ಕೆ ಛಾಯಾಚಿತ್ರಗಳನ್ನು ಲಗತ್ತಿಸಬೇಕಾಗಿದ್ದುದು ಎಲ್ಲ ಸಹೋದ್ಯೋಗಿಗಳಿಗೂ ತಿಳಿದ ವಿಷಯ. ಛಾಯಾಚಿತ್ರದಲ್ಲಿ ಏರಿನ ಪ್ರಮಾಣ ಕಾಣುವುದಿಲ್ಲ. ಎರಡು ತಿಂಗಳ ಪತ್ರವ್ಯವಹಾರದ ನಂತರ ಎರಡು ಮಡಿಕೆಯ, ಎರಡು ಎತ್ತರದಲ್ಲಿ ಕೈಹಿಡಿಯಿರುವ ರ‍್ಯಾಂಪ್ ಮಂಜೂರಾಯಿತು. ಇದೊಂದನ್ನು ನನ್ನ ಸೇವಾವಧಿಯ ಸಾಧನೆಯೆಂದು ಹೇಳಿಕೊಳ್ಳಬಲ್ಲೆ. ಪಿಎಚ್.ಡಿ. ಪ್ರಬಂಧಕ್ಕಿಂತ ಇದಕ್ಕೆ ಹೆಚ್ಚು ಓದುಗರಿದ್ದಾರೆ.

ಈ ಹಿನ್ನೆಲೆಯಲ್ಲಿ ಕಾನೂನಿನ ಭಾಷೆಯನ್ನೂ ಗಮನಿಸಬಹುದು. 1995ರ ಅಂಗವಿಕಲ ವ್ಯಕ್ತಿಗಳ ಅಧಿನಿಯಮ ಸಾರ್ವಜನಿಕ ಕಟ್ಟಡಗಳಿಗೆ ರ‍್ಯಾಂಪ್ ಇರಬೇಕೆಂದಿತು. ಆದರೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತನ್ನು ಮುಂದಿಟ್ಟುಕೊಂಡು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಆ ಮಿತಿಯನ್ನು ತೆಗೆದು, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರ ಪ್ರವೇಶಕ್ಕೆ ತಕ್ಕಂತೆ ಮಾಡಬೇಕೆಂದಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಐದು ವರ್ಷ ಮುಗಿದದ್ದು ನಮ್ಮ ಅಂಗಳದಲ್ಲಿ ಗುಂಡಿ ಬೀಳುವ ಐದು ತಿಂಗಳು ಮುಂಚೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಯಮಗಳಲ್ಲೇ ಒಂದು ದೋಷವನ್ನು ಗುರುತಿಸಿತು. ಅಧಿನಿಯಮ ಕಡ್ಡಾಯವೆಂದದ್ದನ್ನು 15ನೆಯ ನಿಯಮ ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದೆ, ಆದ್ದರಿಂದ ಅದು ಅಧಿನಿಯಮಕ್ಕೆ ವಿರುದ್ಧ, ಕಡ್ಡಾಯ ಮಾನದಂಡಗಳನ್ನು ಬೇರೆಯಾಗಿ ರೂಪಿಸಬೇಕು ಎಂದಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ‘ಮಾಡತಕ್ಕದ್ದು’ ಎಂಬುದು ಕೆಳಗಿಳಿಯುತ್ತ ಇಳಿಯುತ್ತ ‘ಮಾಡಬಹುದು’ ಆಗಿತ್ತು. ನಾವು ವಿದ್ಯರ್ಥಕ, ಸಂಭಾವನಾರ್ಥಕ ಎಂದು ತರಗತಿಯಲ್ಲಿ ಬೇರ್ಪಡಿಸಿ ತೋರಿಸುವ ಎರಡು ರೂಪಗಳ ನಡುವೆ ಒಬ್ಬಳು ಹುಡುಗಿಯ ಪದವಿ ಸಿಕ್ಕಿಹಾಕಿಕೊಳ್ಳಬಹುದೆಂಬುದು ನನಗೆ ಆಗ ತಿಳಿದಿರಲಿಲ್ಲ.

ಹೆಸರಿನ ವಿಷಯದಲ್ಲೂ ನಮ್ಮ ಸಂಕಥನ ಹೀಗೆಯೇ ತೊಡಕಿನದು. ಕುಂಟ, ಹೆಳವ ಎಂಬ ಹಳೆಯ ಮಾತುಗಳು ಬೈಗುಳವಾದವೆಂದು ‘ಅಂಗವಿಕಲ’ ಬಂತು. ಅದೂ ಒರಟೆಂದು ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲೇ ‘ವಿಕಲಚೇತನ’ ಸೇರಿತು. ಸಮಾಸವನ್ನು ಬಿಡಿಸಿ ನೋಡಿ: ‘ಅಂಗವಿಕಲ’ ಎಂದರೆ ಅಂಗದಿಂದ ವಿಕಲನಾದವನು, ‘ವಿಕಲಚೇತನ’ ಎಂದರೆ ವಿಕಲವಾದ ಚೇತನವುಳ್ಳವನು. ಕಾಲಿನಲ್ಲಿದ್ದ ಊನ ಸದುದ್ದೇಶದ ಭರದಲ್ಲಿ ಚೈತನ್ಯಕ್ಕೇ ವರ್ಗಾವಣೆಯಾಗಿದೆ. ‘ದಿವ್ಯಾಂಗ’ ಎಂಬ ಮಾತು 2015ರ ಕೊನೆಯಿಂದ ಚಾಲ್ತಿಗೆ ಬಂತು. ನನ್ನ ಕ್ಯಾಲಿಪರಿನೊಳಗಿನ ಕಾಲನ್ನು ದಿನವೂ ನೋಡುವ ನನಗೆ ಅದರಲ್ಲಿ ದಿವ್ಯವಾದದ್ದೇನೂ ಕಂಡಿಲ್ಲ. ಇದು ನನ್ನ ವೈಯಕ್ತಿಕ ಅಭಿಪ್ರಾಯ; ಈ ಪದವನ್ನು ಗೌರವದಿಂದ ಬಳಸುವ ಗೆಳೆಯರೂ ನನಗಿದ್ದಾರೆ.

ಸಾಹಿತ್ಯದ ತರಗತಿಯೂ ಈ ತೊಡಕಿನಿಂದ ಹೊರಗಿಲ್ಲ. ಜನ್ನನ ಯಶೋಧರ ಚರಿತೆಯಲ್ಲಿ ಅಮೃತಮತಿ ಒಲಿಯುವ ಮಾವುತ ಅಷ್ಟಾವಂಕನ ದೇಹವರ್ಣನೆ ಬಂದಾಗ ತರಗತಿ ನಗುವುದು ವಾಡಿಕೆ. ಅಂಗಾಂಗವಾಗಿ ವಿಕಾರವನ್ನು ಎಣಿಸುವ ಆ ಭಾಗವನ್ನು ಊರುಗೋಲನ್ನು ಮೇಜಿಗೆ ಒರಗಿಸಿ ನಿಂತು ಪಾಠ ಮಾಡುವಾಗ ವಿದ್ಯಾರ್ಥಿಗಳು ನನ್ನನ್ನು ನೋಡಿ ನಗು ನುಂಗಿಕೊಳ್ಳುತ್ತಿದ್ದರು. ಅಮೃತಮತಿಯ ಒಲವು ಪಾಪವೋ, ವಿಧಿಯೋ, ಕಾಮದ ಸಹಜ ಗತಿಯೋ ಎಂದು ನಮ್ಮ ವಿಮರ್ಶೆ ಬೇಕಾದಷ್ಟು ಚರ್ಚಿಸಿದೆ. ಊನವಾದ ದೇಹವನ್ನು ಜುಗುಪ್ಸೆಯ ಅಳತೆಗೋಲಾಗಿ ಬಳಸುವ ಕಾವ್ಯಪರಂಪರೆಯ ಬಗ್ಗೆ ನಾನು ಓದಿದ ಲೇಖನಗಳು ವಿರಳ. ಇಪ್ಪತ್ತಮೂರು ವರ್ಷ ಅದನ್ನು ಪಾಠ ಮಾಡಿದ ನಾನೂ ಈ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಬರೆದರೆ ‘ಸ್ವಂತದ ನೋವನ್ನು ಪಠ್ಯದ ಮೇಲೆ ಹೇರಿದ್ದಾರೆ’ ಎಂದಾರೆಂಬ ಅಳುಕು.

ದೃಷ್ಟಿಹೀನ ವಿದ್ಯಾರ್ಥಿಗೆ ಆ ಅಳುಕಿರಲಿಲ್ಲ. ತನ್ನನ್ನು ಹೆಳವನನ್ನಾಗಿ, ಕುರುಡನನ್ನಾಗಿ, ಕಿವುಡನನ್ನಾಗಿ ಮಾಡೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡುವ ವಚನವನ್ನು ಒಂದು ದಿನ ಪಾಠ ಮಾಡುತ್ತಿದ್ದೆ. ಇಂದ್ರಿಯನಿಗ್ರಹದ ರೂಪಕ, ಲೌಕಿಕ ವಿಮುಖತೆ ಎಂದೆಲ್ಲ ವಿವರಿಸಿ ಮುಗಿಸಿದ ಮೇಲೆ ಅವನು ಎದ್ದುನಿಂತು, “ಸರ್, ಬಸವಣ್ಣನವರು ಬೇಡಿಕೊಂಡರು. ನಮಗೆ ಬೇಡದೇ ಸಿಕ್ಕಿದೆ. ಹಾಗಾದರೆ ನಾವು ಆಗಲೇ ಶರಣರಾದಂತೆಯೋ?” ಎಂದು ಕೇಳಿದ. ತರಗತಿ ನಕ್ಕಿತು, ಅವನೂ ನಕ್ಕ. ನಾನು ಗಂಟೆ ಹೊಡೆಯುವುದನ್ನೇ ಕಾದೆ.

ಅವನ ಬಗ್ಗೆ ಇನ್ನೊಂದು ಮಾತಿದೆ. ಅದು ಕನ್ನಡ ವಿಭಾಗಗಳಲ್ಲಿರುವ ನಮಗೆಲ್ಲ ಸಂಬಂಧಿಸಿದ್ದು. ಪದವಿಯ ಪಠ್ಯಗಳು ಅವನಿಗೆ ಬ್ರೈಲಿನಲ್ಲಿ ಸಿಕ್ಕಿರಲಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಗಣಕದ ತೆರೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದುತ್ತದೆ, ಕನ್ನಡವನ್ನೂ ಓದುತ್ತದೆ. ನಾನು ಉದಾರವಾಗಿ ನನ್ನ ಇಪ್ಪತ್ತು ವರ್ಷಗಳ ಟಿಪ್ಪಣಿಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ. ಮರುದಿನ ಅವನು ತನ್ನ ಲ್ಯಾಪ್‌ಟಾಪ್ ತಂದು ನನ್ನೆದುರೇ ಓದಿಸಿದ. ‘ಪಿ, ಎ, ಪೌಂಡ್, ಎ, ಕ್ಯೂ’ ಎಂದು ಅದು ಅರಚತೊಡಗಿತು. ಅದು ‘ಕನ್ನಡ’ ಎಂಬ ಪದ. ನನ್ನ ಟಿಪ್ಪಣಿಗಳೆಲ್ಲ ಹಳೆಯ ನುಡಿ ಅಕ್ಷರಶೈಲಿಯಲ್ಲಿದ್ದವು. ಆ ವ್ಯವಸ್ಥೆಯಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಶೇಖರವಾಗಿರುವುದು ರೋಮನ್ ಲಿಪಿಯ ಸಂಕೇತಗಳು. ಕಣ್ಣಿಗೆ ಕನ್ನಡ, ಕಿವಿಗೆ ಕಸ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಪ್ರಾಂಶುಪಾಲರಿಗೆ ರ‍್ಯಾಂಪಿನ ಏರಿನ ಬಗ್ಗೆ ಪಾಠ ಹೇಳಿದ ನಾನು ಇಪ್ಪತ್ತು ವರ್ಷ ಕುಳಿತು ಕಟ್ಟಿದ್ದು ಮೆಟ್ಟಿಲನ್ನೇ. ಪರಿವರ್ತಕ ತಂತ್ರಾಂಶಗಳಿವೆ, ನಿಜ. ಆದರೆ ಅರ್ಕಾವೊತ್ತು ಅತ್ತಿತ್ತ ಸರಿಯುತ್ತದೆ, ಹಳಗನ್ನಡದ ಱಕಾರ ೞಕಾರಗಳು ಏನಾದವೆಂದು ಹುಡುಕಬೇಕಾಗುತ್ತದೆ. ಎರಡು ಬೇಸಿಗೆ ರಜೆ ಕುಳಿತು ತಿದ್ದಿದೆ. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೆಗಳ ಹಳೆಯ ಸಂಚಿಕೆಗಳು, ಸಂಪಾದಿತ ಕಾವ್ಯಗಳು, ಒಪ್ಪಿಸಿದ ಪ್ರಬಂಧಗಳು ಎಷ್ಟು ಈ ಸ್ಥಿತಿಯಲ್ಲಿವೆ ಎಂದು ಓದುಗರು ತಮ್ಮ ತಮ್ಮ ಗಣಕವನ್ನೇ ತೆರೆದು ನೋಡಿಕೊಳ್ಳಬಹುದು. ಚಿತ್ರವಾಗಿ ಸ್ಕ್ಯಾನ್ ಮಾಡಿ ಇಟ್ಟವಂತೂ ಆ ತಂತ್ರಾಂಶಕ್ಕೆ ಖಾಲಿ ಹಾಳೆಗಳು. ಇದಕ್ಕೆ ಜಲ್ಲಿ, ಸಿಮೆಂಟು, ಅನುದಾನ ಯಾವುದೂ ಬೇಕಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಇಷ್ಟು ಹೊತ್ತು ನಾನು ಹೇಳಬೇಕಾದುದನ್ನು ಮುಂದೂಡುತ್ತ ಬಂದಿದ್ದೇನೆ.

ಗಾಲಿಕುರ್ಚಿಯ ವಿದ್ಯಾರ್ಥಿನಿ 2022ರಲ್ಲಿ ಬಿ.ಎ. ಮೊದಲ ಸೆಮಿಸ್ಟರಿಗೆ ಸೇರಿದ್ದಳು. ಅವಳ ತರಗತಿ ಕೆಳಗಿನ ಅಂತಸ್ತಿನ ನಾಲ್ಕನೆಯ ಕೊಠಡಿಯಲ್ಲಿತ್ತು. ಕೆಲಸ ಆರಂಭವಾದ ಮೇಲೆ ಆ ಕೊಠಡಿಯ ಅರ್ಧ ಹೊಸ ಶೌಚಾಲಯಕ್ಕೆ ಹೋಯಿತು, ಉಳಿದರ್ಧದಲ್ಲಿ ಸಿಮೆಂಟು ಮೂಟೆಗಳನ್ನು ಪೇರಿಸಿದರು. ತರಗತಿ ಮಹಡಿಗೆ ಹೋಯಿತು. ಅವಳ ತಂದೆ ಮಾರುಕಟ್ಟೆ ಪ್ರಾಂಗಣದಲ್ಲಿ ಹಮಾಲಿ. ಬೆಳಿಗ್ಗೆ ಬಂದು ಮಗಳನ್ನು ಬೆನ್ನ ಮೇಲೆ ಹೊತ್ತು ಇಪ್ಪತ್ತೆಂಟು ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಕೂರಿಸಿ ಹೋಗುತ್ತಿದ್ದರು, ಮಧ್ಯಾಹ್ನ ಮತ್ತೆ ಬರುತ್ತಿದ್ದರು. ನಡುವೆ ಅವಳು ನೀರು ಕುಡಿಯುತ್ತಿರಲಿಲ್ಲ. ಕಾರಣವನ್ನು ಸಹೋದ್ಯೋಗಿಯಾದ ಮೇಡಂ ಒಬ್ಬರು ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ನವೆಂಬರಿನಿಂದ ಜನವರಿಯವರೆಗೆ ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿ. ಹಮಾಲರಿಗೆ ವರ್ಷದ ದುಡಿಮೆಯೆಲ್ಲ ಆಗಲೇ. ತಂದೆ ಬಾರದ ದಿನಗಳು ಹೆಚ್ಚಾದವು.

ಅವಳು ಒಂದು ಅರ್ಜಿ ಬರೆದು ನನ್ನ ಮೂಲಕ ಸಲ್ಲಿಸಿದಳು: ತರಗತಿಯನ್ನು ಕೆಳಗಿನ ಕ್ರೀಡಾ ಕೊಠಡಿಗೆ ಬದಲಾಯಿಸಿಕೊಡಬೇಕು. ಅಲ್ಲಿದ್ದುದು ಕ್ಯಾರಂ ಬೋರ್ಡು ಮತ್ತು ಮುರಿದ ಬೆಂಚುಗಳು. ಕಟ್ಟಡ ಸಮಿತಿಯ ಸಭೆಯಲ್ಲಿ ವಿಷಯ ಬಂತು. ಪ್ರಾಂಶುಪಾಲರು ನನ್ನ ಕಡೆ ತಿರುಗಿ, “ಸರ್, ನೀವೇ ಇಷ್ಟು ವರ್ಷದಿಂದ ದಿನಾ ಮಹಡಿ ಹತ್ತಿ ಪಾಠ ಮಾಡ್ತಿದ್ದೀರಿ. ಒಂದು ದಿನ ಬೇಡ ಅಂದವರಲ್ಲ. ಆರು ತಿಂಗಳ ಮಾತು, ಆ ಹುಡುಗಿಗೆ ನೀವೇ ಧೈರ್ಯ ಹೇಳಿ” ಎಂದರು. ಸಭೆಯಲ್ಲಿದ್ದವರೆಲ್ಲ ಮೆಚ್ಚುಗೆಯಿಂದ ನನ್ನತ್ತ ನೋಡಿದರು. ನಾನು ಹೇಳಬೇಕಾಗಿದ್ದ ಮಾತು ಬಹಳ ಸರಳ. ನಾನು ಹತ್ತುತ್ತೇನೆ, ಅವಳು ಹತ್ತಲಾರಳು. ಕ್ಯಾರಂ ಬೋರ್ಡನ್ನು ಮಹಡಿಗೆ ಸಾಗಿಸೋಣ. ರ‍್ಯಾಂಪಿನ ಅಳತೆಗಾಗಿ ಎರಡು ತಿಂಗಳು ಪತ್ರ ಬರೆದ ಬಾಯಿಗೆ ಆ ದಿನ ಆ ಮಾತು ಬರಲಿಲ್ಲ. ಆ ಮೆಚ್ಚುಗೆಯ ನೋಟ ನನಗೆ ಹಿತವಾಗಿತ್ತು. ಇಪ್ಪತ್ತೆಂಟು ಮೆಟ್ಟಿಲುಗಳ ನನ್ನ ಹೆಮ್ಮೆ ಆ ಕ್ಷಣ ಅವಳ ವಿರುದ್ಧ ಸಾಕ್ಷಿ ನುಡಿಯಿತು. ಸಂಜೆ ಅವಳ ಬಳಿ ಹೋಗಿ, “ಆರು ತಿಂಗಳು ತಾಳಮ್ಮ” ಎಂದೆ. ಅವಳು, “ಆಯ್ತು ಸರ್” ಎಂದಳು.

ಸೆಮಿಸ್ಟರಿನ ಕೊನೆಗೆ ಅವಳ ಹಾಜರಾತಿ ಶೇಕಡಾ 58. ಬೇಕಾದದ್ದು 75. ವಿನಾಯಿತಿ ಕೋರಿ ವಿಭಾಗದಿಂದ ಪತ್ರ ಬರೆದೆ. ವಿನಾಯಿತಿ ವೈದ್ಯಕೀಯ ಕಾರಣಗಳಿಗೆ ಮಾತ್ರವೆಂಬ ಷರಾದೊಂದಿಗೆ ಅದು ಮರಳಿತು. ಮೆಟ್ಟಿಲು ವೈದ್ಯಕೀಯ ಕಾರಣವಲ್ಲ. ಅವಳ ಬೆನ್ನುಹುರಿ ವೈದ್ಯಕೀಯ ಕಾರಣವೆಂದು ಪ್ರಮಾಣಪತ್ರ ತರಬಹುದಿತ್ತು, ಯಾರೋ ಹಾಗೆಯೇ ಸಲಹೆಯನ್ನೂ ಕೊಟ್ಟರು. “ನನಗೆ ಹುಷಾರಿಲ್ಲದೇ ಇರಲಿಲ್ಲವಲ್ಲ ಸರ್” ಎಂದು ಅವಳು ಒಪ್ಪಲಿಲ್ಲ. ಅಂಗವೈಕಲ್ಯ ರೋಗವಲ್ಲ, ಪರಿಸರ ಒಡ್ಡುವ ತಡೆ ಎಂಬ ಸಿದ್ಧಾಂತದ ಮೇಲೆ ಈಗ ಗ್ರಂಥಗಳೇ ಇವೆ. ಅವಳು ಅದನ್ನು ಯಾವ ಗ್ರಂಥವನ್ನೂ ನೋಡದೆ ಹೇಳಿದಳು. ಎರಡನೆಯ ಸೆಮಿಸ್ಟರಿಗೆ ಕೆಲವು ವಾರ ಬಂದು ಆಮೇಲೆ ಬರಲಿಲ್ಲ. ದೂರಶಿಕ್ಷಣಕ್ಕೆ ಸೇರುವಳೆಂದು ಕೇಳಿದೆ.

2024ರ ಜನವರಿಯಲ್ಲಿ ರ‍್ಯಾಂಪ್ ಉದ್ಘಾಟನೆಯಾಯಿತು. ಟೇಪು ಕತ್ತರಿಸಿದ ಮೇಲೆ ಮೊದಲು ಹತ್ತಬೇಕೆಂದು ನನ್ನನ್ನೇ ಕರೆದರು. ಫೋಟೋ ತೆಗೆದರು. ಈಗ ಅದರ ಮೇಲೆ ಕ್ಯಾಂಟೀನಿನ ಹುಡುಗ ಟೀ ಡ್ರಮ್ಮು ಉರುಳಿಸಿಕೊಂಡು ಹೋಗುತ್ತಾನೆ, ಪರೀಕ್ಷೆಯ ಉತ್ತರಪತ್ರಿಕೆಯ ಪೆಟ್ಟಿಗೆಗಳು ಬರುತ್ತವೆ, ಮೊಣಕಾಲು ನೋವಿನ ಸಹೋದ್ಯೋಗಿಗಳು ಯಾರೂ ನೋಡದಂತೆ ಅದನ್ನೇ ಬಳಸುತ್ತಾರೆ. ಲಿಫ್ಟಿನ ಕೀಲಿ ಜವಾನನ ಬಳಿ ಇರುತ್ತದೆ. ಜವಾನ ಎಲ್ಲಿರುತ್ತಾನೆಂದು ಹೇಳಲಾಗದು.

ಮುಂದಿನ ತಿಂಗಳು ಆ ಹುಡುಗಿ ವರ್ಗಾವಣೆ ಪತ್ರ ತೆಗೆದುಕೊಳ್ಳಲು ಬಂದಳು. ರ‍್ಯಾಂಪಿನ ಬುಡದಲ್ಲಿ ತಂದೆ ರೂಢಿಯಂತೆ ಬೆನ್ನು ಬಗ್ಗಿಸಿದರು. ಅವಳು ಬೇಡವೆಂದು ತಾನೇ ಚಕ್ರ ತಿರುಗಿಸಿ ಏರತೊಡಗಿದಳು. ಮೊದಲ ಮಡಿಕೆಯ ಕೊನೆಗೆ ಸಮತಟ್ಟಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡು ಮತ್ತೆ ಏರಿದಳು. ತಂದೆ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ, ಒಂದು ಸಲ ಹಿಂದೆ ಕಟ್ಟಿಕೊಂಡು, ಒಂದು ಸಲ ಕೈಹಿಡಿಯನ್ನು ಮುಟ್ಟುತ್ತ, ಪಕ್ಕದಲ್ಲಿ ನಡೆದರು. ನಾನು ವರಾಂಡದಲ್ಲಿದ್ದೆ. ನಮಸ್ಕಾರ ಸರ್ ಎಂದಳು. ‘ತಾಳು’ ಎಂದದ್ದರ ಬಗ್ಗೆ ನಾನು ಏನೋ ಹೇಳಲು ಹೊರಟೆ. ಅವಳು, “ಏರು ಸರಿಯಾಗಿದೆ ಸರ್, ಕೈ ನೋಯಲಿಲ್ಲ” ಎಂದಳು.

ಕಚೇರಿಯ ಕೌಂಟರು ನಾಲ್ಕಡಿ ಎತ್ತರ. ಒಳಗಿದ್ದ ಗುಮಾಸ್ತರಿಗೆ ಅವಳು ಕಾಣಲಿಲ್ಲ. ‘ಯಾರು?’ ಎಂದು ಎದ್ದುನಿಂತು, ಬಗ್ಗಿ ನೋಡಿ, ಸಹಿ ಹಾಕಿಸಿಕೊಳ್ಳಲು ರಿಜಿಸ್ಟರನ್ನು ಮೇಲಿನಿಂದ ಇಳಿಬಿಟ್ಟರು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಮಾಡಿದಳು. ನನ್ನ ನಿವೃತ್ತಿಗೆ ಆಗ ನಾಲ್ಕು ತಿಂಗಳಿತ್ತು. ಕೌಂಟರಿನ ಒಂದು ಭಾಗವನ್ನು ಎರಡೂವರೆ ಅಡಿಗೆ ಇಳಿಸಬೇಕೆಂದು ಅಳತೆಸಹಿತ ಬರೆದುಕೊಟ್ಟು ಬಂದಿದ್ದೇನೆ. ಸ್ವೀಕೃತಿ ಮುದ್ರೆಯಿರುವ ಪ್ರತಿ ನನ್ನಲ್ಲಿದೆ.